ಗೊರೇಬಾಳವೋ, ಗೊರೇಭಾಳವೋ? ಮನೆಯ ಪ್ರಿಂಟರ್‌ಗೆ ಒಂದು ಕನ್ನಡ ಪರೀಕ್ಷೆ

ಮನೆಗೆ ಒಂದು ಆಲ್-ಇನ್-ಒನ್ ಪ್ರಿಂಟರ್ ತರೋಣ ಅಂತ ಮಾತು ಬಂದ ಕೂಡಲೇ ಎಂಜಿನಿಯರಿಂಗ್ ಓದ್ತಿರೋ ಮಗನಿಗೋ ಮಗಳಿಗೋ ಫೋನ್ ಬರುತ್ತೆ. "ಯಾವ್ದು ಚಲೋ ಐತಿ ನೋಡಿ ಹೇಳು." ನಾವು ಬ್ರಾಂಚ್ ಯಾವುದೇ ಇರಲಿ, ಸಿವಿಲ್ ಆಗಲಿ ಸಿಎಸ್ ಆಗಲಿ, ಗಂಭೀರವಾಗಿ ಒಂದು ಪಟ್ಟಿ ಮಾಡ್ತೀವಿ: ಡಿಪಿಐ ಎಷ್ಟು, ನಿಮಿಷಕ್ಕೆ ಎಷ್ಟು ಪುಟ, ವೈಫೈ ಇದೆಯಾ, ಇಂಕ್ ಬಾಟಲಿ ಎಷ್ಟಕ್ಕೆ ಸಿಗುತ್ತೆ. ಡಬ್ಬದ ಮೇಲೆ 4800 × 1200 ಡಿಪಿಐ ಅಂತ ದಪ್ಪಕ್ಷರದಲ್ಲಿ ಇದ್ದರೆ ಸಮಾಧಾನ.

ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಒಂದು ಮನೆಯಲ್ಲಿ ಆ ಯಂತ್ರ ನಿಜವಾಗಿ ಮಾಡೋ ಕೆಲಸ ಏನು? ಪಹಣಿಯ ನಕಲು, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಜಾತಿ-ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರದ ಸ್ಕ್ಯಾನ್, ವಿದ್ಯಾರ್ಥಿವೇತನದ ಅರ್ಜಿ. ಫೋಟೊ ಪ್ರಿಂಟ್ ಹಾಕೋದು ವರ್ಷಕ್ಕೆ ಒಂದೋ ಎರಡೋ ಸಲ. ಅಂದರೆ ಹೆಚ್ಚಿನ ಕೆಲಸ ಕನ್ನಡ ಅಕ್ಷರ ಮತ್ತು ಅಂಕಿಗಳದ್ದು, ಅದೂ ಸಣ್ಣ ಗಾತ್ರದ್ದು. ಹೀಗಿರುವಾಗ ಪರೀಕ್ಷೆಯೂ ಅದರ ಮೇಲೇ ನಡೆಯಬೇಕಲ್ವಾ? ಅಂಗಡಿಯವನು ತೋರಿಸೋ ಹೂವು-ಚಿಟ್ಟೆಯ ಬಣ್ಣದ ಪುಟದಿಂದ ನಮಗೆ ಏನೂ ತಿಳಿಯೋದಿಲ್ಲ.

ಮೊದಲು ಆ 4800ರ ಕಥೆ ಮುಗಿಸೋಣ. ಪ್ರಿಂಟಿಂಗ್‌ನಲ್ಲಿ ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಜಾಗಗಳಲ್ಲಿ ಹನಿ ಹಾಕಬಹುದು ಅನ್ನೋ ಲೆಕ್ಕ. ಹನಿ ಎಷ್ಟು ದೊಡ್ಡದು ಅನ್ನೋದು ಬೇರೆ ಪ್ರಶ್ನೆ. ಒಂದು ಇಂಚನ್ನು 4800ರಿಂದ ಭಾಗಿಸಿದರೆ ಸುಮಾರು 5.3 ಮೈಕ್ರಾನ್. ಈಗ 2 ಪಿಕೋಲೀಟರ್‌ನ ಒಂದು ಹನಿ ತಗೊಳ್ಳಿ. ಗೋಳದ ಘನಫಲದ ಸೂತ್ರ ಹಾಕಿದರೆ ಅದರ ವ್ಯಾಸ ಸುಮಾರು 16 ಮೈಕ್ರಾನ್ ಬರುತ್ತೆ. ಅದು ಗಾಳಿಯಲ್ಲಿ ಹಾರುವಾಗಿನ ಅಳತೆ. ಸಾದಾ ಕಾಗದಕ್ಕೆ ಬಿದ್ದಮೇಲೆ ಇನ್ನೂ ಅಗಲವಾಗುತ್ತೆ. 5 ಮೈಕ್ರಾನ್ ಹೆಜ್ಜೆಗೊಂದರಂತೆ 16 ಮೈಕ್ರಾನ್‌ಗಿಂತ ಅಗಲದ ಚುಕ್ಕೆ ಇಡ್ತಾ ಹೋದರೆ ಚುಕ್ಕೆಗಳು ಒಂದರ ಮೇಲೊಂದು ಬೀಳ್ತವೆ. ಬಣ್ಣದ ಛಾಯೆಗಳಿಗೆ ಅದರಿಂದ ಉಪಯೋಗ ಇದೆ. ಅಕ್ಷರದ ಅಂಚು ಮಾತ್ರ 4800ರಷ್ಟು ಹರಿತ ಆಗೋದಿಲ್ಲ. ಅದಕ್ಕೇ 600 ಡಿಪಿಐ ಅಂತಷ್ಟೇ ಬರೆದುಕೊಂಡ ಒಂದು ಸಾಧಾರಣ ಲೇಸರ್ ಯಂತ್ರ ಸಾದಾ ಕಾಗದದ ಮೇಲೆ ಎಷ್ಟೋ ಇಂಕ್‌ಜೆಟ್‌ಗಳಿಗಿಂತ ಚಂದ ಅಕ್ಷರ ಮೂಡಿಸುತ್ತೆ. ಟೋನರ್ ಪುಡಿ ಕಾಗದದ ನಾರಿನೊಳಗೆ ಹರಡೋದಿಲ್ಲ, ಶಾಖಕ್ಕೆ ಕರಗಿ ಮೇಲೆಯೇ ಅಂಟಿಕೊಳ್ಳುತ್ತೆ.

ಹಾಗಾದರೆ ಏನನ್ನು ನೋಡಬೇಕು? ನನ್ನ ಮಟ್ಟಿಗೆ ಉತ್ತರ ಒಂದೇ: ಎರಡು ಅಕ್ಷರಗಳನ್ನು ಬೇರೆ ಮಾಡೋ ಅತಿ ಸಣ್ಣ ಗುರುತು ಉಳೀತಾ, ಅಳೀತಾ?

ಇಂಗ್ಲಿಷ್‌ನ ದೊಡ್ಡಕ್ಷರಗಳಿಗೆ ಈ ತೊಂದರೆ ಕಡಿಮೆ. ಕನ್ನಡದಲ್ಲಿ ಅಲ್ಪಪ್ರಾಣ-ಮಹಾಪ್ರಾಣದ ನಡುವೆ ಇರೋದು ಎಷ್ಟೋ ಕಡೆ ಒಂದು ಸಣ್ಣ ಸೀಳುಗೀಟು ಮಾತ್ರ. ದ-ಧ, ಡ-ಢ, ಬ-ಭ. ರ ಮತ್ತು ಠ ನಡುವೆ ಒಳಗಿನ ಒಂದು ಚುಕ್ಕೆ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಇದರ ಮೇಲೆ ಒತ್ತಕ್ಷರ, ಅರ್ಕಾವತ್ತು, ದೀರ್ಘದ ಕೊಂಬು. ನಮ್ಮ ಊರುಗಳ ಹೆಸರುಗಳನ್ನೇ ನೋಡ್ರಿ. ಸಿಂಧನೂರಿನ ಧ ಅಕ್ಷರದ ಸೀಳು ಹೋದರೆ ಸಿಂದನೂರು. ಗೊರೇಬಾಳದ ಬ ಕೆಳಗೆ ಇಂಕ್ ಸ್ವಲ್ಪ ಜಿನುಗಿ ಗೀಟಿನಂತೆ ಕಂಡರೆ ಗೊರೇಭಾಳ. ಓದಿದವರು "ಭಾಳ ಅಂದ್ರ ಎಷ್ಟು ಭಾಳ?" ಅಂತ ಕೇಳಬಹುದು. ಮಸ್ಕಿಯಲ್ಲಿ ಕ ಒತ್ತು, ತುರ್ವಿಹಾಳದಲ್ಲಿ ಅರ್ಕಾವತ್ತು, ಲಿಂಗಸುಗೂರಿನಲ್ಲಿ ಸೊನ್ನೆ. ಕಂಪನಿಯವರು ಕೊಡೋ ಟೆಸ್ಟ್ ಪೇಜಿಗಿಂತ ಈ ಐದು ಹೆಸರು ಇರೋ ಒಂದು ಸಾಲು ಹೆಚ್ಚು ಸತ್ಯ ಹೇಳುತ್ತೆ.

ಅದನ್ನೇ ಮಾಡಿ. ಯಾವುದಾದರೂ ಯೂನಿಕೋಡ್ ಫಾಂಟಿನಲ್ಲಿ ಈ ಸಾಲನ್ನು 12, 10, 8, 7, 6 ಪಾಯಿಂಟ್‌ಗಳಲ್ಲಿ ಟೈಪ್ ಮಾಡಿ. ಜೊತೆಗೆ ರಾಷ್ಟ್ರ, ಸ್ತ್ರೀ, ಜ್ಞಾನೇಶ್ವರ, ಲಕ್ಷ್ಮೀ. ಕೆಳಗೆ ೧ರಿಂದ ೦ವರೆಗೆ ಕನ್ನಡ ಅಂಕಿ. ೬ ಮತ್ತು ೯ ಪಕ್ಕಪಕ್ಕ ಇರಲಿ, ಸಣ್ಣ ಗಾತ್ರದಲ್ಲಿ ಇವೆರಡೂ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಅದರ ಕೆಳಗೆ 6, 8, 3, 5, 0. ಕೊನೆಗೆ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಇದನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಯಾವ ಅಂಗಡಿಗೆ ಹೋದರೂ ಪರೀಕ್ಷೆ ಮಾಡಬಹುದು. ವರ್ಡ್ ಫೈಲ್ ಒಯ್ಯಬೇಡಿ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ ಆಗಿ, ಫಾಂಟಿನ ತಪ್ಪಿಗೆ ಪ್ರಿಂಟರನ್ನು ಬೈಯೋ ಹಾಗಾಗುತ್ತೆ.

ಪ್ರಿಂಟ್ ತೆಗೆಯುವಾಗ 'ಪುಟಕ್ಕೆ ಹೊಂದಿಸು' ಅನ್ನೋ ಆಯ್ಕೆ ತೆಗೆದುಹಾಕಿ, 100 ಪರ್ಸೆಂಟ್ ಇಡಿ. ಇಲ್ಲದಿದ್ದರೆ ನಿಮ್ಮ 100 ಮಿ.ಮೀ. ಗೆರೆ ಕುಗ್ಗಿ ಬರುತ್ತೆ. ಡ್ರಾಯಿಂಗ್ ಶೀಟ್ ಪ್ರಿಂಟ್ ಹಾಕಿಸಿ ಸ್ಕೇಲ್ ಇಟ್ಟು ಅಳೆದು ತಲೆ ಕೆರೆದುಕೊಂಡವರಿಗೆ ಇದು ಗೊತ್ತಿರುತ್ತೆ.

ಪುಟ ಬಂದ ಮೇಲೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ಜೂಮ್ ಮಾಡಿ ನೋಡಿ. ಉದ್ದಗೆರೆ ಎರಡಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಹೆಡ್ಡಿನ ಅಲೈನ್‌ಮೆಂಟ್ ತಪ್ಪಿದೆ ಅಂತ ಅರ್ಥ. ಹೆಡ್ಡು ಎಡಕ್ಕೆ ಹೋಗುವಾಗ ಹಾಕಿದ ಹನಿ ಮತ್ತು ಬಲಕ್ಕೆ ಬರುವಾಗ ಹಾಕಿದ ಹನಿ ಒಂದೇ ಕಡೆ ಬೀಳ್ತಿಲ್ಲ. ಇದು ಸೆಟ್ಟಿಂಗ್ಸ್‌ನಲ್ಲೇ ಸರಿಹೋಗುವಂಥದ್ದು. ಅಕ್ಷರದ ನಡುವೆ ಅಡ್ಡಕ್ಕೆ ಬಿಳಿ ಎಳೆಗಳಿದ್ದರೆ ಕೆಲವು ನಾಝಲ್ ಕಟ್ಟಿಕೊಂಡಿವೆ. ಇವೆರಡೂ ಯಂತ್ರದ ಅವತ್ತಿನ ಆರೋಗ್ಯ. ಇವನ್ನು ಸರಿಮಾಡಿದ ಮೇಲೂ 7 ಪಾಯಿಂಟಿನಲ್ಲಿ ಧ ಮತ್ತು ದ ಒಂದೇ ಥರ ಕಂಡರೆ ಅದು ಇಂಕ್ ಮತ್ತು ಕಾಗದದ ಸಂಗತಿ. ಆಗ ಅದೇ ಪುಟವನ್ನು ಸ್ವಲ್ಪ ದಪ್ಪನೆಯ, ನಯವಾದ ಕಾಗದದ ಮೇಲೆ ತೆಗೆದು ನೋಡಿ. ಎಷ್ಟೋ ಸಲ ಯಂತ್ರದ ಮೇಲೆ ಹೊರಿಸಿದ ದೂರು ಕಾಗದದ ಮೇಲೆ ಹೋಗುತ್ತೆ.

ಇನ್ನೊಂದು ಪರೀಕ್ಷೆಗೆ ಒಂದು ಹನಿ ನೀರು ಸಾಕು. ಪ್ರಿಂಟ್ ಆಗಿ ಒಂದು ಗಂಟೆ ಬಿಟ್ಟು ಕಪ್ಪು ಅಕ್ಷರದ ಮೇಲೆ ನೀರು ಹಾಕಿ ಬೆರಳಾಡಿಸಿ. ಪಿಗ್ಮೆಂಟ್ ಇಂಕ್ ಬಹಳಮಟ್ಟಿಗೆ ನಿಲ್ಲುತ್ತೆ, ಡೈ ಇಂಕ್ ನೀಲಿ-ಕಪ್ಪಾಗಿ ಹರಿಯುತ್ತೆ. ಕೆಲವು ಇಂಕ್ ಟ್ಯಾಂಕ್ ಮಾದರಿಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಬಣ್ಣ ಡೈ. ಕೆಲವದರಲ್ಲಿ ಎಲ್ಲವೂ ಡೈ. ಏಪ್ರಿಲ್-ಮೇ ಬಿಸಿಲಲ್ಲಿ ಅಂಗಿ ಕಿಸೆಯೊಳಗೆ ಅರ್ಜಿ ಮಡಚಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಹೋಗೋ ನಮ್ಮ ಕಡೆ ಬೆವರೇ ಈ ಪರೀಕ್ಷೆ ನಡೆಸುತ್ತೆ. ಹಾಗಾಗಿ ಕಾಗದಪತ್ರಕ್ಕೆ ಅಂತಲೇ ಕೊಳ್ಳುವವರು ಕಪ್ಪು ಇಂಕ್ ಪಿಗ್ಮೆಂಟಾ ಅಂತ ಕೇಳಿಯೇ ಕೊಳ್ಳಬೇಕು. ಇದು ಡಿಪಿಐಗಿಂತ ದೊಡ್ಡ ಪ್ರಶ್ನೆ.

ಗಾಜಿನ ಮೇಲೆ ಇಟ್ಟಾಗ

ಈಗ ಸ್ಕ್ಯಾನರ್. ನನಗೆ ಹೆಚ್ಚು ಆತಂಕ ಇರೋದು ಇಲ್ಲೇ. ಪ್ರಿಂಟ್ ಕೆಟ್ಟರೆ ಕಣ್ಣಿಗೆ ಕಾಣುತ್ತೆ, ಇನ್ನೊಂದು ತೆಗೀಬಹುದು. ಸ್ಕ್ಯಾನ್ ಕೆಟ್ಟರೆ ಅದು ಅಪ್‌ಲೋಡ್ ಆಗಿ, ಮೂಲ ಕಾಗದ ಟ್ರಂಕಿನೊಳಗೆ ಸೇರಿ, ಆರು ತಿಂಗಳ ಮೇಲೆ ಯಾರೋ ಅದನ್ನು ಓದುವಾಗ ಗೊತ್ತಾಗುತ್ತೆ.

ಲೆಕ್ಕ ಸರಳ. 300 ಡಿಪಿಐಯಲ್ಲಿ ಒಂದು ಪಿಕ್ಸೆಲ್ ಅಂದರೆ 0.085 ಮಿ.ಮೀ. 10 ಪಾಯಿಂಟ್ ಅಕ್ಷರದ ಸೀಳುಗೀಟು ಅರ್ಧ ಮಿ.ಮೀ. ಉದ್ದ ಇದೆ ಅಂದುಕೊಂಡರೆ ಅದಕ್ಕೆ ಸಿಗೋದು 6 ಪಿಕ್ಸೆಲ್, ಅಗಲಕ್ಕೆ ಎರಡೋ ಮೂರೋ. 150 ಡಿಪಿಐಗೆ ಇಳಿಸಿದರೆ ಉದ್ದ 3, ಅಗಲ ಒಂದು. ಅದರ ಮೇಲೆ ಜೆಪೆಗ್ ಕಂಪ್ರೆಷನ್ ಚಿತ್ರವನ್ನು 8 × 8 ಪಿಕ್ಸೆಲ್ ಚೌಕಗಳಾಗಿ ಒಡೆದು ಸಣ್ಣ ವಿವರಗಳನ್ನು ಮೊದಲು ಕೈಬಿಡುತ್ತೆ. ಆ ಗೀಟು ಸಣ್ಣ ವಿವರವೇ. ಆದ್ದರಿಂದ ಕನ್ನಡ ಕಾಗದಕ್ಕೆ 300 ಕನಿಷ್ಠ. ಹಳೆಯ ಕೈಬರಹದ ಪಹಣಿ, ಸಣ್ಣ ಅಕ್ಷರದ ಕೋಷ್ಟಕ ಇದ್ದರೆ 600.

ಹಾಗಂತ 1200, 2400 ಇಡೋದು ಬೇಡ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರೋದು ಸಿಐಎಸ್ ಸಂವೇದಕ, ಅಂದರೆ ಗಾಜಿನ ಕೆಳಗೇ ಅಂಟಿಕೊಂಡಂತೆ ಓಡಾಡೋ ಪಟ್ಟಿ. ಅದರ ನಿಜವಾದ ಸಾಮರ್ಥ್ಯ ಎಷ್ಟು ಅಂತ ತಿಳಿಯೋಕೆ ಒಂದೇ ಒತ್ತಕ್ಷರವನ್ನು 300, 600, 1200ರಲ್ಲಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಒಂದೇ ಗಾತ್ರಕ್ಕೆ ಹಿಗ್ಗಿಸಿ ಪಕ್ಕಪಕ್ಕ ಇಡಿ. 600ರಲ್ಲಿ ಕಾಣದ್ದು 1200ರಲ್ಲಿ ಏನಾದರೂ ಕಂಡಿತಾ? ಇಲ್ಲ ಅಂದರೆ ಆ ಲೆನ್ಸಿಗೆ ಅಲ್ಲಿಗೇ ಕೊನೆ. ಮಿಕ್ಕಿದ್ದು ಫೈಲಿನ ತೂಕ. ಎ4 ಪುಟ 300ರಲ್ಲಿ 2480 × 3508 ಪಿಕ್ಸೆಲ್, ಬಣ್ಣದಲ್ಲಿ ಕಂಪ್ರೆಸ್ ಮಾಡದೆ ಸುಮಾರು 26 ಎಂಬಿ. 600ಕ್ಕೆ ಅದರ ನಾಲ್ಕು ಪಟ್ಟು. (ನೋಟಿನ ಮೇಲಿರೋ ಸೂಕ್ಷ್ಮ ಅಕ್ಷರ ಸ್ಕ್ಯಾನ್ ಮಾಡಿ ನೋಡೋಣ ಅಂತ ಯಾರಾದರೂ ಹಾಸ್ಟೆಲ್‌ನಲ್ಲಿ ಹೇಳೇ ಹೇಳ್ತಾರೆ. ಬೇಡ. ಗ್ರಾಫ್ ಶೀಟ್ ಸಾಕು.)

ಗ್ರಾಫ್ ಶೀಟ್ ನಿಜವಾಗಿಯೂ ಒಳ್ಳೆಯ ಸಾಧನ. 300ರಲ್ಲಿ ಸ್ಕ್ಯಾನ್ ಮಾಡಿ, 100 ಮಿ.ಮೀ. ದೂರ ಎಷ್ಟು ಪಿಕ್ಸೆಲ್ ಇದೆ ಎಣಿಸಿ, 1181 ಬರಬೇಕು. ಪಟ್ಟಿಯ ಉದ್ದಕ್ಕೆ ಸಂವೇದಕಗಳು ಜೋಡಿಸಿ ಕೂತಿರೋದರಿಂದ ಆ ದಿಕ್ಕಿನಲ್ಲಿ ತಪ್ಪು ಕಡಿಮೆ. ಮೋಟಾರ್ ಎಳೆಯೋ ದಿಕ್ಕಿನಲ್ಲಿ ಬೆಲ್ಟು, ಗೇರುಗಳ ಗುಣ ಹೊರಗೆ ಬರುತ್ತೆ. ಕೆಲವು ಪಿಕ್ಸೆಲ್ ವ್ಯತ್ಯಾಸ ಕಾಗದಪತ್ರಕ್ಕೆ ಲೆಕ್ಕಕ್ಕಿಲ್ಲ, ನಕ್ಷೆಯಿಂದ ಅಳತೆ ತೆಗೆಯೋ ಸಿವಿಲ್‌ನವರಿಗೆ ಲೆಕ್ಕಕ್ಕಿದೆ.

ಸಿಐಎಸ್‌ನ ದೊಡ್ಡ ದೌರ್ಬಲ್ಯ ಆಳ. ಗಾಜಿಗೆ ತಾಗಿಕೊಂಡಿದ್ದರೆ ಚೊಕ್ಕ, ಒಂದೆರಡು ಮಿ.ಮೀ. ಎದ್ದರೆ ಮಸುಕು. ನಾಲ್ಕು ಮಡಿಕೆ ಮಾಡಿ ಇಪ್ಪತ್ತು ವರ್ಷ ಇಟ್ಟ ಬಾಂಡ್ ಪೇಪರಿನ ಮಡಿಕೆ ಸರಿಯಾಗಿ ಸರ್ವೆ ನಂಬರಿನ ಮೇಲೇ ಬಂದಿರುತ್ತೆ! ಸ್ಕ್ಯಾನಿಗೆ ಮೊದಲು ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಡಿ. ಎಂ-3 ಪಠ್ಯಪುಸ್ತಕಕ್ಕೆ ಇದೂ ಒಂದು ಉಪಯೋಗ. ಅಂದಹಾಗೆ, ಗಾಜಿಗೆ ಒತ್ತಿ ಓದೋ ಈ ತತ್ವ ನಮ್ಮ ಸೀಮೆಗೆ ಹೊಸದಲ್ಲ. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಅಶೋಕನ ಶಾಸನದಂಥವನ್ನು ವಿದ್ವಾಂಸರು ಓದೋದು ಪಡಿಯಚ್ಚಿನಿಂದ: ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕೂರಿಸಿ, ಮೇಲೆ ಶಾಯಿ ಸವರೋದು. ಕಾಗದ ಕಲ್ಲಿಗೆ ಸರಿಯಾಗಿ ತಾಗದ ಕಡೆ ಅಕ್ಷರ ಸಿಗೋದಿಲ್ಲ.

ಇನ್ನು ಮೋಡ್‌ಗಳ ವಿಷಯ. ಫೈಲ್ ಚಿಕ್ಕದಾಗುತ್ತೆ ಅಂತ ಬ್ಲ್ಯಾಕ್ ಆಂಡ್ ವೈಟ್ ಅಥವಾ ಟೆಕ್ಸ್ಟ್ ಮೋಡ್ ಒತ್ತೋ ಅಭ್ಯಾಸ ನಮಗೆಲ್ಲ ಇದೆ. ಅದರಲ್ಲಿ ಪ್ರತಿ ಪಿಕ್ಸೆಲ್ ಒಂದು ಗಡಿಗಿಂತ ಮೇಲಿದ್ದರೆ ಬಿಳಿ, ಕೆಳಗಿದ್ದರೆ ಕಪ್ಪು. ತಿಳಿ ನೇರಳೆ ಬಣ್ಣದ ಕಚೇರಿ ಮೊಹರು, ಪೆನ್ಸಿಲ್ ಷರಾ, ಮಾಸಿದ ಶಾಯಿಯ ಸಹಿ, ಇವು ಗಡಿ ದಾಟದೆ ಮಾಯವಾಗ್ತವೆ. ಪುಟ ಮಾತ್ರ ಹಾಲಿನಂತೆ ಬೆಳ್ಳಗೆ ಕಾಣುತ್ತೆ! ನಿಮ್ಮ ಯಂತ್ರ ಎಷ್ಟು ಅಳಿಸುತ್ತೆ ಅಂತ ನೋಡೋಕೆ ಡ್ರಾಯಿಂಗ್ ಡಬ್ಬಿ ತೆಗೆಯಿರಿ. ಒಂದು ಹಾಳೆಯ ಮೇಲೆ 2ಎಚ್, ಎಚ್, ಎಚ್‌ಬಿ ಪೆನ್ಸಿಲ್‌ಗಳಲ್ಲಿ ಹಗುರವಾಗಿ ಗೆರೆ ಎಳೆದು ಎಲ್ಲಾ ಮೋಡ್‌ಗಳಲ್ಲಿ ಸ್ಕ್ಯಾನ್ ಮಾಡಿ. 2ಎಚ್ ಗೆರೆ ಯಾವ ಮೋಡಿನಲ್ಲಿ ಉಳೀತೋ ಆ ಮೋಡಿನಲ್ಲಿ ಪಹಣಿ ಸ್ಕ್ಯಾನ್ ಮಾಡಿ. ಸಾಮಾನ್ಯವಾಗಿ ಅದು ಬಣ್ಣದ್ದು, ಇಲ್ಲವೇ ಗ್ರೇಸ್ಕೇಲ್.

ಅಂಕಿ ಬದಲಾದ ಕಥೆ

ಮಸುಕಾದ ಅಕ್ಷರ ಕನಿಷ್ಠ "ನನಗೆ ಗೊತ್ತಿಲ್ಲ" ಅಂತ ಒಪ್ಪಿಕೊಳ್ಳುತ್ತೆ. ಅದಕ್ಕಿಂತ ಕೆಟ್ಟದ್ದು ಒಂದಿದೆ: ಹರಿತವಾಗಿ, ಚೊಕ್ಕವಾಗಿ, ತಪ್ಪಾಗಿ ಕಾಣೋ ಅಕ್ಷರ.

2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯ ಸ್ಕ್ಯಾನಿನಲ್ಲಿ ವಿಚಿತ್ರ ಸಂಗತಿ ಕಂಡರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್. ಸ್ಕ್ಯಾನಿನಲ್ಲಿ ಮೂರೂ 14.13. ಮಸುಕಿಲ್ಲ, ಕಲೆ ಇಲ್ಲ. ಬೇರೆ ಪುಟಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು. ಯಂತ್ರ ಝೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಸರಣಿಯದ್ದು, ಅಂದರೆ ನಕಲಿಗೆ ನಾವು ಯಾರ ಹೆಸರನ್ನೇ ಕ್ರಿಯಾಪದ ಮಾಡಿಕೊಂಡಿದ್ದೀವೋ ಅವರದ್ದೇ. ಕಂಪನಿ ಆಮೇಲೆ ಸಾಫ್ಟ್‌ವೇರ್ ತಿದ್ದುಪಡಿ ಬಿಡುಗಡೆ ಮಾಡಿತು.

ಕಾರಣ ಜೆಬಿಗ್2 ಅನ್ನೋ ಕಂಪ್ರೆಷನ್ ವಿಧಾನದ ಒಂದು ಬಗೆಯ ಬಳಕೆ. ಅದು ಪುಟದಲ್ಲಿರೋ ಅಕ್ಷರದ ಆಕಾರಗಳನ್ನು ಒಂದೊಂದಾಗಿ ತೆಗೆದು, ಒಂದೇ ಥರ ಕಾಣೋವನ್ನು ಗುಂಪು ಮಾಡುತ್ತೆ. ಗುಂಪಿಗೆ ಒಂದು ಚಿತ್ರ ಮಾತ್ರ ಇಟ್ಟುಕೊಂಡು ಉಳಿದ ಕಡೆಯೆಲ್ಲ ಅದನ್ನೇ ಅಂಟಿಸುತ್ತೆ. ಜಾಗ ಉಳಿತಾಯ ಭರ್ಜರಿ. ಆದರೆ 'ಒಂದೇ ಥರ' ಅನ್ನೋ ಅಳತೆಗೋಲು ಸ್ವಲ್ಪ ಸಡಿಲವಾದರೆ 6ರ ಜಾಗಕ್ಕೆ ಇನ್ನೆಲ್ಲೋ ಇದ್ದ 8 ಬಂದು ಕೂರುತ್ತೆ. ಅದು ಬೇರೆ ಕಡೆಯಿಂದ ತಂದ ಸ್ಪಷ್ಟ 8 ಆದ್ದರಿಂದ ಅನುಮಾನಕ್ಕೂ ಜಾಗ ಇರೋದಿಲ್ಲ.

ಈಗ ಇದನ್ನು ಪಹಣಿಗೆ ತನ್ನಿ. 2 ಎಕರೆ 16 ಗುಂಟೆ ಅನ್ನೋದು 2 ಎಕರೆ 18 ಗುಂಟೆ ಆಯ್ತು ಅಂದುಕೊಳ್ಳಿ. ಒಂದು ಗುಂಟೆಗೆ 33 × 33 ಅಡಿ, ಅಂದರೆ 1089 ಚದರ ಅಡಿ. ಒಂದು ಅಂಕಿಗೆ 2178 ಚದರ ಅಡಿ ಹೆಚ್ಚು ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿಯೋ ಭತ್ತದ ಗದ್ದೆಯಲ್ಲಿ ಬದುವಿನ ಒಂದಡಿಗೇ ಅಣ್ಣತಮ್ಮಂದಿರು ಮಾತು ಬಿಟ್ಟಿರೋದನ್ನು ನೋಡಿದವರಿಗೆ ಇದು ಎಷ್ಟು ಅಂತ ಹೇಳಬೇಕಾಗಿಲ್ಲ. ಕನ್ನಡ ಲಿಪಿಗೆ ಅಪಾಯ ಇನ್ನೂ ಹೆಚ್ಚು ಅಂತ ನನ್ನ ಅನಿಸಿಕೆ. ದ-ಧ, ಬ-ಭ, ೬-೯, ಇಷ್ಟೊಂದು 'ಹೆಚ್ಚುಕಡಿಮೆ ಒಂದೇ' ಆಕಾರಗಳು ನಮ್ಮಲ್ಲಿವೆ. ಹಾಗಂತ ನಿಮ್ಮ ಮನೆಯ ಯಂತ್ರ ಹೀಗೆ ಮಾಡುತ್ತೆ ಅಂತ ಹೆದರಿಸ್ತಿಲ್ಲ. ಆದರೆ 'ಕಾಂಪ್ಯಾಕ್ಟ್ ಪಿಡಿಎಫ್', 'ಹೈ ಕಂಪ್ರೆಷನ್' ಅನ್ನೋ ಗುಂಡಿಗಳ ಹಿಂದೆ ಏನಿದೆ ಅಂತ ಅವು ಹೇಳೋದಿಲ್ಲವಲ್ಲ. ಹಾಗಾಗಿ ಜಮೀನು, ಅಂಕಪಟ್ಟಿ, ಲೆಕ್ಕಪತ್ರದ ಮೂಲ ಸ್ಕ್ಯಾನನ್ನು ಬಣ್ಣದಲ್ಲಿ, 300ಕ್ಕೆ, ಪಿಎನ್‌ಜಿ ಅಥವಾ ಒಳ್ಳೆ ಗುಣಮಟ್ಟದ ಜೆಪೆಗ್‌ನಲ್ಲಿ ಇಟ್ಟುಕೊಳ್ಳಿ. ವೆಬ್‌ಸೈಟ್ ಇಷ್ಟೇ ಕೆಬಿ ಅಂತ ಮಿತಿ ಹಾಕಿದಾಗ ಅದರ ನಕಲನ್ನು ಮಾತ್ರ ಕುಗ್ಗಿಸಿ. ಕುಗ್ಗಿಸುವಾಗ ಮೊದಲು ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಆಮೇಲೆ ಗ್ರೇಸ್ಕೇಲ್ ಮಾಡಿ, ಡಿಪಿಐ ಇಳಿಸೋದು ಕೊನೆಗೆ. ಕುಗ್ಗಿಸಿದ ಮೇಲೆ ಪ್ರತಿಯೊಂದು ಅಂಕಿಯನ್ನೂ ಮೂಲದ ಜೊತೆ ಓದಿ ನೋಡಿ. ಒಬ್ಬರು ಓದೋದು, ಇನ್ನೊಬ್ಬರು ಬೆರಳಿಟ್ಟು ನೋಡೋದು. ಎರಡು ನಿಮಿಷದ ಕೆಲಸ.

ನಕಲಿನ ನಕಲು ತೆಗೆಯೋರಿಗೂ ಒಂದು ಮಾತು. ಪ್ರತಿ ನಕಲಿನಲ್ಲೂ ಸಣ್ಣ ಗುರುತಿನ ಕಾಂಟ್ರಾಸ್ಟ್ 70 ಪರ್ಸೆಂಟ್ ಉಳಿಯುತ್ತೆ ಅಂದುಕೊಂಡರೂ ಮೂರನೆಯ ನಕಲಿಗೆ ಉಳಿಯೋದು 34 ಪರ್ಸೆಂಟ್. ಯಂತ್ರ ಎಂಥದ್ದು ಅಂತ ತಿಳಿಯೋಕೆ ಇದೇ ಒಳ್ಳೆಯ ಪರೀಕ್ಷೆ: ನಿಮ್ಮ ಊರ ಹೆಸರಿನ ಪುಟವನ್ನು ಕಾಪಿ ಮಾಡಿ, ಕಾಪಿಯ ಕಾಪಿ ಮಾಡಿ, ಅದನ್ನೂ ಕಾಪಿ ಮಾಡಿ. ಮೂರನೆಯದರಲ್ಲಿ 8 ಪಾಯಿಂಟಿನ ಸಿಂಧನೂರು ಸಿಂಧನೂರಾಗಿಯೇ ಇದ್ದರೆ ಧಾರಾಳವಾಗಿ ಕೊಂಡುಕೊಳ್ಳಿ.

ಕೊಂಡ ಮೇಲಿನ ಮಾತು ಸ್ವಲ್ಪ. ಸ್ಕ್ಯಾನಿನಲ್ಲಿ ಉದ್ದಕ್ಕೂ ಒಂದು ಗೆರೆ ಬರ್ತಿದ್ದರೆ ಸಂವೇದಕ ಹೋಯ್ತು ಅಂತ ತೀರ್ಮಾನಿಸಬೇಡಿ. ಕಾಗದ ತಾನೇ ಎಳೆದುಕೊಳ್ಳೋ ಫೀಡರ್ ಇದ್ದರೆ ಅದರ ಕೆಳಗಿನ ಕಿರಿದಾದ ಗಾಜಿನ ಪಟ್ಟಿಯ ಮೇಲೆ ಒಂದೇ ಒಂದು ಧೂಳಿನ ಕಣ ಕೂತರೂ ಇಡೀ ಪುಟಕ್ಕೆ ಗೆರೆ ಬೀಳುತ್ತೆ, ಯಾಕಂದರೆ ಅಲ್ಲಿ ಸಂವೇದಕ ನಿಂತಿರುತ್ತೆ, ಕಾಗದ ಓಡುತ್ತೆ. ಭತ್ತದ ಕೊಯ್ಲಿನ ದಿನಗಳಲ್ಲಿ ಹೊಟ್ಟಿನ ಧೂಳು ಎಲ್ಲೆಲ್ಲಿ ಸೇರುತ್ತೆ ಅಂತ ನಿಮಗೇ ಗೊತ್ತು. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಮೇಲೆ ಒಂದು ಹೊದಿಕೆ ಹಾಕಿ. ಇಂಕ್‌ಜೆಟ್ ಇದ್ದರೆ ಗೋಡೆಯ ಸ್ವಿಚ್ಚಿನಿಂದ ಆರಿಸಬೇಡಿ, ಯಂತ್ರದ ಗುಂಡಿಯಿಂದಲೇ ಆರಿಸಿ. ಆಗ ಮಾತ್ರ ಹೆಡ್ಡು ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತೆ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ಡು ಬಯಲಲ್ಲೇ ನಿಂತಿರುತ್ತೆ, ನಮ್ಮ ಬೇಸಿಗೆಗೆ ಇಂಕ್ ಬೇಗ ಒಣಗುತ್ತೆ. ಕರೆಂಟ್ ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಅದು ತನ್ನ ಜಾಗಕ್ಕೆ ಹೋದಮೇಲೆ ಆಫ್ ಮಾಡಿ ಅಂತ ಮನೆಯಲ್ಲಿ ಹೇಳಿಡಿ. ವಾರಕ್ಕೊಂದು ಬಣ್ಣದ ಪುಟವನ್ನೂ ತೆಗೆಯಲಿ; ಆ ಐದು ಊರ ಹೆಸರನ್ನೇ ಬೇರೆ ಬೇರೆ ಬಣ್ಣದಲ್ಲಿ ಹಾಕಿಟ್ಟರೆ ನಾಝಲ್ ತಪಾಸಣೆಯೂ ಅದರಲ್ಲೇ ಆಗಿಹೋಗುತ್ತೆ.